ಕಿಟ್ ಬದಲಿಸಿದರೂ ಬ್ರೇಕ್ ಆಯಿಲ್ ಸೋರುವುದೇಕೆ?

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಅಜ್ಜ ಓಡಿಸುತ್ತಿದ್ದ 1951ರ ಮಾರಿಸ್ ಮೈನರ್ ಕಾರು ಇದೆ. ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತೇ ಇರುತ್ತದೆ, ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಓಡಿಸುತ್ತೇನೆ. ಎರಡು ವರ್ಷಗಳಿಂದ ಬ್ರೇಕ್ ಆಯಿಲ್ ಕಡಿಮೆಯಾಗುತ್ತಲೇ ಇದೆ. ಹಿಂದಿನ ಎಡ ಚಕ್ರದ ಒಳಬದಿ ಒದ್ದೆಯಾಗಿರುತ್ತದೆ, ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಹನಿಗಳು ಕಾಣುತ್ತವೆ. ಪೆಡಲನ್ನು ಒತ್ತಿ ಹಿಡಿದರೆ ಕೆಲವೊಮ್ಮೆ ನಿಧಾನವಾಗಿ ಕೆಳಗಿಳಿಯುತ್ತದೆ. ಮೆಕ್ಯಾನಿಕ್ ಎರಡು ಸಲ ರಬ್ಬರ್ ಕಿಟ್ ಬದಲಿಸಿದರು. ಎರಡೂ ಸಲ ಎರಡು ತಿಂಗಳು ಸರಿ ಇದ್ದು ಮತ್ತೆ ಸೋರಿತು. ಇಂಗ್ಲೆಂಡಿನಲ್ಲಿರುವ ಸಂಬಂಧಿಕರು ಸಿಲಿಕೋನ್ ಫ್ಲೂಯಿಡ್ ಹಾಕಿದರೆ ತೊಂದರೆಯೇ ಇರುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲಿಗೆ, ಈ ಕೆಲಸ ಮುಗಿಯುವ ತನಕ ಕಾರನ್ನು ತೋಟದ ಗೇಟು ದಾಟಿಸಬೇಡಿ. ನಿಮ್ಮ ಕಾರಿನ ನಾಲ್ಕೂ ಚಕ್ರಗಳಿಗೆ ಸೇರಿ ಇರುವುದು ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ), ಅದರಿಂದ ಹೊರಡುವುದು ಒಂದೇ ದಾರಿ. ಈಗಿನ ಕಾರುಗಳಲ್ಲಿ ದಾರಿ ಎರಡಾಗಿ ಒಡೆದಿರುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ನಿಮ್ಮದರಲ್ಲಿ ಆ ಅನುಕೂಲವಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಹಿಂದಿನ ಎಡ ಚಕ್ರದ ಸಿಲಿಂಡರಿನಲ್ಲಿ ಆಯಿಲನ್ನು ತಡೆದು ಹಿಡಿಯುವ ಒಂದು ರಬ್ಬರ್ ಕಪ್ ಮಗುಚಿಕೊಂಡರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಆಗ ಉಳಿಯುವುದು ಕೇಬಲ್ಲಿನಿಂದ ನಡೆಯುವ ಹ್ಯಾಂಡ್ ಬ್ರೇಕ್ ಮಾತ್ರ. ಅದು ಹಿಂದಿನ ಎರಡು ಚಕ್ರಗಳನ್ನಷ್ಟೇ ಹಿಡಿಯುತ್ತದೆ, ಅವುಗಳಲ್ಲಿ ಒಂದರ ಲೈನಿಂಗ್ (ಉಜ್ಜಿ ಚಕ್ರವನ್ನು ನಿಲ್ಲಿಸುವ ಪಟ್ಟಿ) ಈಗಾಗಲೇ ನೆನೆದಿದೆ.

ನಿಮ್ಮ ಮೆಕ್ಯಾನಿಕ್‌ರನ್ನು ನಾನು ಪೂರ್ತಿ ದೂರುವುದಿಲ್ಲ. ರಬ್ಬರ್ ಹಾಳಾಗಿತ್ತು, ಅವರು ಬದಲಿಸಿದರು. ಆದರೆ ಎರಡು ತಿಂಗಳಿಗೆ ರಬ್ಬರ್ ಮತ್ತೆ ಏಕೆ ಹಾಳಾಯಿತು ಎಂದು ಕೇಳಿಕೊಳ್ಳಲಿಲ್ಲ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಹಳೆಯ ಕಾರುಗಳ ಸೋರಿಕೆಯಲ್ಲಿ ರಬ್ಬರ್ ಕಪ್ ಪೆಟ್ಟು ತಿಂದದ್ದೇ ಹೊರತು ಪೆಟ್ಟು ಕೊಟ್ಟದ್ದಲ್ಲ. ಪೆಟ್ಟು ಕೊಟ್ಟದ್ದು ಸಿಲಿಂಡರಿನ ಒಳಗೋಡೆ, ಅಂದರೆ ಬೋರ್.

ಅಲ್ಲಿಗೆ ಹೋಗುವ ಮುನ್ನ, ಸೋರುತ್ತಿರುವುದು ನಿಜಕ್ಕೂ ಬ್ರೇಕ್ ಆಯಿಲ್ ಹೌದೇ ಎಂದು ನೋಡಿಕೊಳ್ಳಬೇಕು. ಮೈನರ್ ಕಾರಿನ ಹಿಂದಿನ ಚಕ್ರದ ಒಳಬದಿ ಒದ್ದೆಯಾಗಲು ಎರಡು ಕಾರಣಗಳಿರಬಹುದು. ಒಂದು ವೀಲ್ ಸಿಲಿಂಡರ್, ಅಂದರೆ ಚಕ್ರದ ಬಳಿ ಬ್ರೇಕನ್ನು ಒತ್ತುವ ಸಿಲಿಂಡರ್. ಇನ್ನೊಂದು ಹಿಂದಿನ ಆಕ್ಸಲ್ಲಿನ ಆಯಿಲ್ ಸೀಲ್. ಆಕ್ಸಲ್ಲಿನ ಗೇರ್ ಆಯಿಲ್ ಹಬ್ಬಿನ ಮೂಲಕ ಹೊರಬಂದು, ಚಕ್ರದೊಂದಿಗೆ ತಿರುಗುವ ಬ್ರೇಕ್ ಡ್ರಮ್ಮಿನೊಳಗೆ ಇಳಿಯುವುದು ಈ ಕಾರಿನ ಹಳೆಯ ಕಾಯಿಲೆ. ಎರಡೂ ಕಪ್ಪು ಜಿಡ್ಡಾಗಿ ದೂಳಿನೊಂದಿಗೆ ಸೇರಿಕೊಂಡ ಮೇಲೆ ಕಣ್ಣಿಗೆ ಒಂದೇ ತರಹ ಕಾಣುತ್ತವೆ.

ಗುರುತಿಸಲು ಅಡುಗೆಮನೆಯ ಒಂದು ಗಾಜಿನ ಲೋಟ ಸಾಕು. ಅರ್ಧ ಲೋಟ ನೀರು ತೆಗೆದುಕೊಳ್ಳಿ. ಚಕ್ರದ ಒಳಬದಿಯ ಜಿಡ್ಡನ್ನು ಹತ್ತಿಯಲ್ಲಿ ಒರೆಸಿ, ಆ ಹತ್ತಿಯನ್ನು ನೀರಿನ ಮೇಲೆ ಹಿಂಡಿ. ಬ್ರೇಕ್ ಆಯಿಲ್ ಆಗಿದ್ದರೆ ಹನಿ ನೀರಿನೊಳಗೆ ಇಳಿದು, ಬೆಲ್ಲದ ಪಾಕ ಕರಗುವಾಗ ಕಾಣುವಂತಹ ಅಲೆಯೆದ್ದು, ಒಂದೆರಡು ಸಲ ಕಲಕಿದರೆ ಮಾಯವಾಗುತ್ತದೆ. ಗೇರ್ ಆಯಿಲ್ ಆಗಿದ್ದರೆ ಮೇಲೆಯೇ ಕಣ್ಣು ಕಣ್ಣಾಗಿ ತೇಲುತ್ತದೆ, ಜೊತೆಗೆ ಗಂಧಕದ ಕಮಟು ವಾಸನೆ ಬರುತ್ತದೆ. ನೋಡಿದ ಮೇಲೆ ಲೋಟವನ್ನು ಮತ್ತೆ ಅಡುಗೆಮನೆಗೆ ಸೇರಿಸಬೇಡಿ, ಬ್ರೇಕ್ ಆಯಿಲ್ ವಿಷ. ನಿಮ್ಮ ಕಾರಿನಲ್ಲಿ ರಿಸರ್ವಾಯರಿನ ಮಟ್ಟವೂ ಇಳಿಯುತ್ತಿರುವುದರಿಂದ ಬ್ರೇಕ್ ಆಯಿಲ್ ಸೋರುತ್ತಿರುವುದಂತೂ ಖಚಿತ. ಅದರ ಜೊತೆಗೆ ಗೇರ್ ಆಯಿಲೂ ಸೋರುತ್ತಿರಬಹುದು. ಎರಡೂ ಒಟ್ಟಿಗಿದ್ದ ಕಾರುಗಳನ್ನು ನೋಡಿದ್ದೇನೆ.

ಈ ಲೋಟದ ಪರೀಕ್ಷೆಯಲ್ಲೇ ಇನ್ನೊಂದು ವಿಷಯವೂ ಅಡಗಿದೆ. ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುತ್ತೇವೆ, ಅಂಗಡಿಯಲ್ಲೂ ಹಾಗೆಯೇ ಕೇಳುತ್ತೇವೆ. ಆದರೆ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ, ನೀರಿನೊಂದಿಗೆ ಬೆರೆಯುವಂತಹದ್ದು. ನಿಮ್ಮ ಕಾರು ತಯಾರಾದ ಕಾಲದಲ್ಲಿ ಹರಳೆಣ್ಣೆಯನ್ನು ಆಲ್ಕೋಹಾಲಿನೊಂದಿಗೆ ಬೆರೆಸಿದ ದ್ರವವೂ ಬಳಕೆಯಲ್ಲಿತ್ತು. ಬ್ರೇಕಿನ ರಬ್ಬರಿಗೆ ಹೊಂದುವುದು ಬ್ರೇಕಿಗೆಂದೇ ಮಾಡಿದ ದ್ರವ ಮಾತ್ರ. ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ಯಾವುದು ತಗುಲಿದರೂ ಆ ರಬ್ಬರ್ ಕೆಡುತ್ತದೆ. ಹೆಸರಿನಲ್ಲಿ ಆಯಿಲ್ ಎಂಬ ಮಾತು ಸೇರಿಕೊಂಡದ್ದರಿಂದ ನಮ್ಮ ಗ್ಯಾರೇಜುಗಳಲ್ಲಿ ಆಗಿರುವ ಅನಾಹುತ ಅಷ್ಟಿಷ್ಟಲ್ಲ.

ಕೆಲಸ ಕಲಿಯುವಾಗ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಅಂಬಾಸಿಡರ್ ಒಂದರ ಬ್ರೇಕ್ ಬಿಚ್ಚಿ, ಹೊಸ ರಬ್ಬರ್ ಕಪ್‌ಗಳಿಗೆ ದೂಳು ಹತ್ತಿದೆಯೆಂದು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಜೋಡಿಸಿದೆ. ಸಂಜೆ ಕಾರು ಚೆನ್ನಾಗಿಯೇ ನಿಂತಿತು. ಮರುದಿನ ಬೆಳಿಗ್ಗೆ ನಾಲ್ಕು ಜನ ತಳ್ಳಿದರೂ ಜಾಗ ಬಿಟ್ಟು ಕದಲಲಿಲ್ಲ. ಬಿಚ್ಚಿ ನೋಡಿದರೆ ಕಪ್‌ಗಳು ರಾತ್ರಿ ನೆನೆಹಾಕಿದ ಕಡಲೆಯಂತೆ ಉಬ್ಬಿ ಬೋರಿನಲ್ಲಿ ಕಚ್ಚಿಕೊಂಡಿದ್ದವು. ಉಸ್ತಾದರು ಬೈಯಲಿಲ್ಲ. ಉಬ್ಬಿದ ಒಂದು ಕಪ್ಪನ್ನು ತೆಗೆದು ನನ್ನ ಟೂಲ್ ಪೆಟ್ಟಿಗೆಯಲ್ಲಿ ಇಟ್ಟರು, ಅಷ್ಟೇ. ಅದು ಬಹಳ ವರ್ಷ ಅಲ್ಲೇ ಇತ್ತು. ಆದ್ದರಿಂದ ನಿಮ್ಮ ಮೆಕ್ಯಾನಿಕ್‌ರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಿಟ್ ಹಾಕುವ ಮುಂಚೆ ಸಿಲಿಂಡರನ್ನು ಯಾವುದರಲ್ಲಿ ತೊಳೆದಿರಿ? ಉತ್ತರ ಪೆಟ್ರೋಲ್ ಎಂದಾದರೆ ಎರಡು ತಿಂಗಳ ಗುಟ್ಟು ಅರ್ಧ ಬಯಲಾಯಿತು. ತೊಳೆಯಲು ಸ್ಪಿರಿಟ್ ಬಳಸಬೇಕು, ಇಲ್ಲವೇ ಹೊಸ ಬ್ರೇಕ್ ಆಯಿಲನ್ನೇ ಬಳಸಬೇಕು.

ಇನ್ನು ಮಟ್ಟ ಇಳಿಯುವ ವಿಚಾರ. ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ ಪ್ಯಾಡ್ ಸವೆದಂತೆ ಮಟ್ಟ ತಾನಾಗಿ ಸ್ವಲ್ಪ ಇಳಿಯುತ್ತದೆ, ಅದು ಸಹಜ. ನಿಮ್ಮದು ನಾಲ್ಕೂ ಕಡೆ ಡ್ರಮ್, ಕೈಯಿಂದ ಅಡ್ಜಸ್ಟ್ ಮಾಡುವ ಶೂ (ಲೈನಿಂಗ್ ಹೊತ್ತು ಡ್ರಮ್ಮನ್ನು ಒಳಗಿನಿಂದ ಒತ್ತುವ ಬಾಗಿದ ತುಂಡು). ಲೈನಿಂಗ್ ಸವೆದ ಹಾಗೆ ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರುತ್ತಿದ್ದರೆ ಮಟ್ಟ ಇಳಿಯಲು ಕಾರಣವೇ ಇಲ್ಲ. ಆದ್ದರಿಂದ ನಿಮ್ಮ ಕಾರಿನಲ್ಲಿ ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ‘ಹಳೇ ಕಾರು, ಸ್ವಲ್ಪ ಕುಡಿಯುತ್ತದೆ’ ಎಂಬ ಗ್ಯಾರೇಜ್ ಸಮಾಧಾನವನ್ನು ಒಪ್ಪಬೇಡಿ.

ಸೋರಿಕೆ ಒಂದೇ ಕಡೆ ಇದೆ ಎಂದೂ ನಂಬಬೇಡಿ. ಕಾರಿನ ಕೆಳಗೆ ನಾಲ್ಕೂ ಚಕ್ರಗಳ ಬಳಿ ಮತ್ತು ಚಾಲಕನ ಸೀಟಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ರತಿ ಹನಿಯ ಸುತ್ತ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಅದಾದ ಮೇಲೆ ಪೈಪುಗಳ ಜಾಯಿಂಟು, ಹೋಸ್‌ಗಳ ಎರಡೂ ತುದಿ ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ತೆಳ್ಳಗೆ ಉದುರಿಸಿ. ಯಾರಾದರೂ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಎರಡು ನಿಮಿಷ ಹಿಡಿದಿರಲಿ. ಬಿಳಿ ಪುಡಿಯ ಮೇಲೆ ಎಲ್ಲಿ ಒದ್ದೆ ಗೆರೆ ಮೂಡುತ್ತದೋ ಅಲ್ಲಿ ಕೆಲಸವಿದೆ.

ಈ ಎರಡು ಪರೀಕ್ಷೆಗಳು ಹೇಳುವುದು ಬೇರೆ ಬೇರೆ. ಅಂದಾಜು ಲೆಕ್ಕ ಹಾಕಿ ನೋಡಿ. ನೀವು ಪೆಡಲಿನ ಮೇಲೆ 30 ಕಿಲೋ ಭಾರ ಹಾಕಿದಿರಿ, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿತು, ಅಂದರೆ 150 ಕಿಲೋ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 22 ಮಿಲಿಮೀಟರ್ ವ್ಯಾಸದ್ದಾದರೆ ಅದರ ಮುಖ 3.8 ಚದರ ಸೆಂಟಿಮೀಟರ್. ಒತ್ತಡ ಚದರ ಸೆಂಟಿಮೀಟರಿಗೆ 39 ಕಿಲೋ ಆಯಿತು, ಟೈರಿನಲ್ಲಿರುವ ಗಾಳಿಯ ಒತ್ತಡದ ಸುಮಾರು ಇಪ್ಪತ್ತು ಪಟ್ಟು. ಬಿರುಕುಬಿಟ್ಟ ಹೋಸ್, ತುಕ್ಕು ಹಿಡಿದ ಪೈಪ್, ಸಡಿಲ ಜಾಯಿಂಟುಗಳೆಲ್ಲ ಇಷ್ಟು ಒತ್ತಡ ಬಿದ್ದಾಗ ಮಾತ್ರ ಬಾಯಿಬಿಡುತ್ತವೆ. ರಬ್ಬರ್ ಕಪ್‌ನ ನಡತೆ ತಿರುಗುಮುರುಗು. ಒತ್ತಡ ಬಿದ್ದಾಗ ಅದರ ತುಟಿ ಅಗಲಗೊಂಡು ಬೋರಿಗೆ ಒತ್ತಿಕೊಳ್ಳುತ್ತದೆ, ಸೋರಿಕೆ ನಿಲ್ಲುತ್ತದೆ. ಕಾಲು ತೆಗೆದಾಗ ತುಟಿ ಸಡಿಲವಾಗಿ, ರಾತ್ರಿಯಿಡೀ ಹನಿ ಹನಿಯಾಗಿ ಜಿನುಗುತ್ತದೆ. ನಿಮ್ಮ ಕಾರು ನಿಂತಾಗ ಸೋರುತ್ತದೆ ಎಂದು ಬರೆದಿದ್ದೀರಿ. ಆ ಒಂದು ವಾಕ್ಯ ನನಗೆ ಬಹಳ ಹೇಳಿತು.

ನಿಂತಾಗ ಸೋರುವ ಡ್ರಮ್ ಬ್ರೇಕಿನ ಕಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಎರಡನ್ನು. ಒಂದು, ಬೋರಿನ ತುಕ್ಕು. ಎರಡನೆಯದು ಹೆಚ್ಚಿನವರ ಗಮನಕ್ಕೆ ಬಾರದ ಒಂದು ಚಿಕ್ಕ ವಾಲ್ವ್. ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ, ಸ್ಪ್ರಿಂಗಿನ ಆಚೆಗೆ, ಒಂದು ಚೆಕ್ ವಾಲ್ವ್ ಮತ್ತು ಅದು ಕೂರುವ ರಬ್ಬರ್ ವಾಷರ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪುಗಳಲ್ಲಿ ಸುಮಾರು 10 ಪಿಎಸ್‌ಐ ಒತ್ತಡವನ್ನು ಉಳಿಸಿಕೊಳ್ಳುವುದು ಅದರ ಕೆಲಸ. ಆ ಸಣ್ಣ ಒತ್ತಡವೇ ವೀಲ್ ಸಿಲಿಂಡರಿನ ಕಪ್‌ಗಳ ತುಟಿಯನ್ನು ಸದಾ ಬೋರಿಗೆ ತಾಗಿಸಿ ಹಿಡಿಯುತ್ತದೆ. ಕಿಟ್ ಹಾಕುವಾಗ ಈ ವಾಲ್ವ್ ನೆಲಕ್ಕೆ ಉರುಳಿ ಹೋಗಿದ್ದರೆ, ತಿರುವುಮುರುವಾಗಿ ಕೂತಿದ್ದರೆ ಅಥವಾ ‘ಇದೇನು ಹೆಚ್ಚಿನದು’ ಎಂದು ಯಾರಾದರೂ ಬದಿಗಿಟ್ಟಿದ್ದರೆ, ಪೆಡಲ್ ಒತ್ತುವಾಗ ಏನೂ ಗೊತ್ತಾಗುವುದಿಲ್ಲ. ನಿಂತ ಕಾರು ಮಾತ್ರ ಸೋರುತ್ತದೆ. ಮಾಸ್ಟರ್ ಸಿಲಿಂಡರ್ ಬಿಚ್ಚಿದ ದಿನ ಆ ವಾಲ್ವ್ ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ.

ಈಗ ಚಕ್ರಕ್ಕೆ ಬರೋಣ. ಮುಂದಿನ ಚಕ್ರಗಳಿಗೆ ಮರದ ತಡೆ ಕೊಟ್ಟು, ಹಿಂಬದಿಯನ್ನು ಜಾಕಿಯಿಂದ ಎತ್ತಿ, ಆಕ್ಸಲ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಇಟ್ಟಿಗೆ, ಹಾಲೋಬ್ಲಾಕ್ ಬೇಡ. ಭಾರಕ್ಕೆ ಅವು ಹೇಳದೆ ಕೇಳದೆ ಒಡೆಯುತ್ತವೆ. ಹ್ಯಾಂಡ್ ಬ್ರೇಕ್ ಬಿಟ್ಟು, ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಎರಡು ಸ್ಕ್ರೂ ಬಿಚ್ಚಿದರೆ ಡ್ರಮ್ ಕೈಗೆ ಬರುತ್ತದೆ. ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಕ್ಕೆ ಮಾರಕ. ಮೂಗಿಗೆ ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಿರಿ.

ಹಿಂದಿನ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಮೆಲ್ಲಗೆ ಎತ್ತಿ. ಒಳಗೆ ಬೆರಳಿಗೆ ಹತ್ತುವಷ್ಟು ತೇವ ಇದ್ದರೆ ಚಿಂತೆಯಿಲ್ಲ. ಹನಿಯಾಗಿ ಇಳಿದರೆ ಸಿಲಿಂಡರ್ ಬಿಚ್ಚಬೇಕು. ಪಿಸ್ಟನ್ ಹೊರತೆಗೆದು, ಬೋರನ್ನು ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ, ಟಾರ್ಚ್ ಹಿಡಿದು ನೋಡಿ. ಕನ್ನಡಿಯಂತೆ ಹೊಳೆದರೆ ನಿಮ್ಮ ಅದೃಷ್ಟ. ನಾನು ಊಹಿಸುವ ಪ್ರಕಾರ ಹಾಗಿರುವುದಿಲ್ಲ. ಬೋರಿನ ಕೆಳಭಾಗದಲ್ಲಿ, ಕಪ್ ಸದಾ ಕೂತಿರುವ ಜಾಗದಲ್ಲಿ, ಸಿಡುಬಿನ ಕಲೆಯಂತಹ ಸಣ್ಣ ಕಪ್ಪು ಗುಳಿಗಳು ಕಾಣುತ್ತವೆ. ಟಾರ್ಚಿನಲ್ಲಿ ಸರಿಯಾಗಿ ತಿಳಿಯದಿದ್ದರೆ ಬೆರಳಿನ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ರಬ್ಬರಿನ ತುಟಿಯೂ ತಡೆಯುತ್ತದೆ. ಹೊಸ ಕಪ್ ಮೆತ್ತಗಿರುವುದರಿಂದ ಕೆಲವು ವಾರ ಆ ಗುಳಿಗಳ ಮೇಲೆ ಹೊಂದಿಕೊಂಡು ಹೋಗುತ್ತದೆ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ತುರಿಮಣೆಯ ಮೇಲೆ ಉಜ್ಜಿದಂತೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ನಿಮ್ಮ ಎರಡು ತಿಂಗಳ ಲೆಕ್ಕದ ಉಳಿದರ್ಧ ಇಲ್ಲಿದೆ.

ತುಕ್ಕು ಎಲ್ಲಿಂದ ಬಂತು ಎಂದರೆ, ಮೂಡಿಗೆರೆಯ ಮಳೆಯಿಂದ. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬಾಯಿ ತೆರೆದಿಟ್ಟ ಉಪ್ಪಿನ ಜಾಡಿ ಆಷಾಢದಲ್ಲಿ ನೀರೊಡೆಯುವ ಹಾಗೆ. ರಿಸರ್ವಾಯರಿನ ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ತೂತಿನಿಂದ, ರಬ್ಬರ್ ಹೋಸ್‌ಗಳ ಮೈಯಿಂದಲೂ ತೇವ ಒಳಸೇರುತ್ತದೆ. ಬ್ರೇಕಿನ ದ್ರವ ಎಂಜಿನ್ನಿನ ಆಯಿಲ್‌ನಂತೆ ಸುತ್ತು ಹೊಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. ವೀಲ್ ಸಿಲಿಂಡರಿನಲ್ಲಿರುವ ಹನಿ ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತದೆ. ನೀವು ಮೇಲಿನಿಂದ ಎಷ್ಟೇ ಹೊಸ ದ್ರವ ತುಂಬಿದರೂ ಅದು ಚಕ್ರದ ತನಕ ತಲುಪುವುದು ಏರ್ ತೆಗೆದಾಗ, ಅಂದರೆ ಚಕ್ರದ ಬಳಿಯಿಂದ ಹಳೆಯ ದ್ರವ ಮತ್ತು ಗಾಳಿಯನ್ನು ಹೊರಬಿಟ್ಟಾಗ ಮಾತ್ರ. ನಾಲ್ಕು ತಿಂಗಳು ಪಿಸ್ಟನ್ ಒಂದೇ ಜಾಗದಲ್ಲಿ ನಿಂತಿರುವಾಗ, ತೇವ ಕುಡಿದ ದ್ರವ ಕಬ್ಬಿಣದ ಗೋಡೆಗೆ ತಾಗಿಕೊಂಡಿದ್ದರೆ, ಇನ್ನೇನಾಗಬೇಕು?

ಬೋರಿನಲ್ಲಿ ಮೇಲ್ಮೈ ಕಲೆ ಮಾತ್ರ ಇದ್ದರೆ ಹೋನಿಂಗ್ ಮಾಡಿದರೆ, ಅಂದರೆ ಸಾಣೆಕಲ್ಲಿನ ಉಪಕರಣದಿಂದ ಸಮನಾಗಿ ಉಜ್ಜಿ ನಯ ಮಾಡಿದರೆ ಹೋಗುತ್ತದೆ. ಗುಳಿ ಇದ್ದರೆ ಹೋಗುವುದಿಲ್ಲ. ಗುಳಿ ಮಾಯವಾಗುವ ತನಕ ಉಜ್ಜುತ್ತ ಹೋದರೆ ಬೋರ್ ದೊಡ್ಡದಾಗಿ ಕಪ್ ಸಡಿಲವಾಗುತ್ತದೆ, ಒಂದು ಕಾಯಿಲೆ ಕಳೆದು ಇನ್ನೊಂದನ್ನು ತಂದುಕೊಂಡಂತೆ. ಎಮರಿ ಪೇಪರನ್ನು ಕೋಲಿಗೆ ಸುತ್ತಿ ಉಜ್ಜುವುದಂತೂ ಬೇಡವೇ ಬೇಡ. ನಿಮ್ಮ ಮುಂದೆ ಎರಡು ದಾರಿಗಳಿವೆ. ಮೈನರ್ ಕಾರಿನ ಬ್ರೇಕ್ ಸಿಲಿಂಡರ್‌ಗಳು ಬ್ರಿಟನ್ನಿನಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ, ತರಿಸಿಕೊಳ್ಳಬಹುದು. ಸಂಬಂಧಿಕರು ಅಲ್ಲಿರುವುದರಿಂದ ನಿಮಗೆ ಇದು ಸುಲಭ. ಕೇಳುವಾಗ 7 ಇಂಚಿನ ಡ್ರಮ್ಮಿನದ್ದು ಎಂದು ಒತ್ತಿ ಹೇಳಿ. 1962ರ ನಂತರದ 1098 ಸಿಸಿ ಕಾರುಗಳ ಮುಂದಿನ ಡ್ರಮ್ 8 ಇಂಚಿನದು. ಆ ಬ್ರೇಕಿನ ಭಾಗಗಳು ನಿಮ್ಮ ಕಾರಿಗೆ ಹೊಂದುವುದಿಲ್ಲ.

ಇನ್ನೊಂದು ದಾರಿ, ಇರುವ ಸಿಲಿಂಡರಿಗೇ ಸ್ಲೀವ್ ಹಾಕಿಸುವುದು. ಒಳ್ಳೆಯ ಲೇತ್‌ನವರು ಬೋರನ್ನು ಕೊರೆದು ಅಗಲ ಮಾಡಿ, ಸ್ಟೇನ್‌ಲೆಸ್ ಸ್ಟೀಲಿನ ತೆಳ್ಳನೆಯ ಕೊಳವೆ ಕೂರಿಸಿ, ಮೂಲ ಅಳತೆಗೆ ತಂದು ನಯ ಮಾಡಿಕೊಡುತ್ತಾರೆ. ನನಗೆ ಇದೇ ಇಷ್ಟ. ಸ್ಟೇನ್‌ಲೆಸ್ ಬೋರು ನಮ್ಮ ಮಳೆಗಾಲಕ್ಕೆ ಹೆದರುವುದಿಲ್ಲ, ಮತ್ತು ಅಜ್ಜನ ಕಾರಿನ ಮೂಲ ಭಾಗ ಅದರಲ್ಲೇ ಉಳಿಯುತ್ತದೆ. ಲೇತ್‌ನವರಿಗೆ ಎರಡು ಮಾತು ಮೊದಲೇ ಹೇಳಿ. ಸ್ಲೀವ್ ಮತ್ತು ಸಿಲಿಂಡರಿನ ನಡುವೆ ಲೋಹ ಹಿಡಿಯುವ ಅಂಟು ಹಾಕಿಯೇ ಕೂರಿಸಬೇಕು, ಇಲ್ಲದಿದ್ದರೆ ದ್ರವ ಸ್ಲೀವಿನ ಬೆನ್ನ ಹಿಂದಿನಿಂದ ನುಸುಳುತ್ತದೆ. ಎರಡನೆಯದು ಮಾಸ್ಟರ್ ಸಿಲಿಂಡರಿಗೆ ಸಂಬಂಧಿಸಿದ್ದು. ಅದರ ಬೋರಿನಲ್ಲಿ ರಿಸರ್ವಾಯರಿನಿಂದ ಬರುವ ಎರಡು ತೂತುಗಳಿವೆ. ಒಂದು ದೊಡ್ಡದು, ಇನ್ನೊಂದು ಒಂದು ಮಿಲಿಮೀಟರಿಗೂ ಚಿಕ್ಕದು. ಆ ಚಿಕ್ಕ ತೂತನ್ನು ಸ್ಲೀವಿನಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಗೆ ಕೊರೆದು, ಒಳಅಂಚಿನ ಮೊನಚನ್ನು ತೆಗೆಯಬೇಕು. ಮೊನಚು ಉಳಿದರೆ ಅದು ಬ್ಲೇಡಿನಂತೆ ಕಪ್‌ನ ತುಟಿಯನ್ನು ಕುಯ್ಯುತ್ತದೆ. ತೂತೇ ಮುಚ್ಚಿಹೋದರೆ ಬ್ರೇಕ್ ಬಿಡುವುದಿಲ್ಲ, ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಡ್ರಮ್ ಮುಟ್ಟಲಾಗದಷ್ಟು ಕಾಯುತ್ತದೆ.

ರಬ್ಬರ್ ಕಿಟ್ ಕೊಳ್ಳುವಾಗಲೂ ಎಚ್ಚರ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಪುರಾತನ ಕಿಟ್‌ಗಳು ಮೂಲ ಡಬ್ಬಿಯಲ್ಲೇ ಸಿಗುವುದುಂಟು. ನೋಡಲು ಬಲು ಚೆಂದ, ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳಿ. ಡಬ್ಬಿಯೊಳಗೆ ಮುಟ್ಟದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಕಪ್‌ನ ತುಟಿಯನ್ನು ಬೆರಳಲ್ಲಿ ಹಿಂದಕ್ಕೆ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಂತಹ ಬಿರುಕು ಕಂಡರೆ ವಾಪಸು ಕೊಡಿ.

ಸೋರಿದ ಚಕ್ರದ ಲೈನಿಂಗ್ ವಿಷಯದಲ್ಲಿ ಲೋಭ ಬೇಡ. ಬಿಸಿಲಿಗೆ ಒಣಗಿಸುವುದು, ಬೆಂಕಿಯಲ್ಲಿ ಸುಡುವುದು, ಸೋಪಿನಲ್ಲಿ ತೊಳೆಯುವುದು ಎಲ್ಲವನ್ನೂ ನೋಡಿದ್ದೇನೆ. ಒಳಗೆ ಇಂಗಿದ ದ್ರವ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹೊಸದನ್ನೇ ಹಾಕಿಸಿ. ಎಡಕ್ಕೆ ಹಾಕಿಸಿದ ತರಹದ ಹೊಸ ಲೈನಿಂಗನ್ನೇ ಬಲಕ್ಕೂ ಹಾಕಿಸಿ, ಇಲ್ಲವಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಹಿಂದಿನ ಸಿಲಿಂಡರ್ ಬ್ಯಾಕ್ ಪ್ಲೇಟಿನ ಸೀಳಿನಲ್ಲಿ ಹಿಂದೆ ಮುಂದೆ ಜಾರುವಂತಿರಬೇಕು ಎಂಬುದನ್ನೂ ಜೋಡಿಸುವಾಗ ಮರೆಯಬೇಡಿ. ಅದರಲ್ಲಿರುವುದು ಒಂದೇ ಪಿಸ್ಟನ್. ಸಿಲಿಂಡರಿನ ಮೈಯೇ ಜಾರಿ ಎರಡನೆಯ ಶೂವನ್ನು ತಳ್ಳುತ್ತದೆ. ಸೀಳಿನಲ್ಲಿ ತುಕ್ಕು ಕಚ್ಚಿಕೊಂಡರೆ ಒಂದು ಶೂ ಮಾತ್ರ ಕೆಲಸ ಮಾಡುತ್ತದೆ.

ಪೆಡಲ್ ನಿಧಾನವಾಗಿ ಇಳಿಯುವುದು ಬೇರೆಯದೇ ಕಥೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡನೆಯ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂ ಅಡ್ಜಸ್ಟ್ ಆಗಬೇಕು. ಒಂದೇ ಬಲದಲ್ಲಿ ಒತ್ತಿ ಹಿಡಿದಾಗ ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಇಳಿದು, ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಮುಖ್ಯ ಕಪ್ಪನ್ನು ದಾಟಿ ದ್ರವ ಹಿಂದಕ್ಕೆ ಹೋಗುತ್ತಿದೆ. ಆಗ ಒಂದು ಹನಿಯೂ ಹೊರಗೆ ಬಾರದೆ ಬ್ರೇಕ್ ಹೋಗಬಹುದು. ನಿಮ್ಮ ವಿವರ ಓದಿದರೆ ಚಕ್ರದ ಸಿಲಿಂಡರ್ ಮತ್ತು ಮಾಸ್ಟರ್ ಸಿಲಿಂಡರ್ ಎರಡೂ ಹೋಗಿರುವಂತೆ ತೋರುತ್ತದೆ. ಒಂದೇ ದ್ರವ ಕುಡಿದವು, ಒಂದೇ ಮಳೆ ಕಂಡವು.

ಈ ಕಾರನ್ನು ವಿನ್ಯಾಸಗೊಳಿಸಿದ ಅಲೆಕ್ ಇಸಿಗೋನಿಸ್ ಬಗ್ಗೆ ನನಗೆ ಅಪಾರ ಗೌರವವಿದೆ. 1948ರಲ್ಲಿ ಇಷ್ಟು ಚುರುಕಾಗಿ ತಿರುಗುವ ಸಣ್ಣ ಕಾರನ್ನು ಮಾಡಿದವರು ಅವರು. ಆದರೆ ಮಾಸ್ಟರ್ ಸಿಲಿಂಡರನ್ನು ಚಾಲಕನ ಕಾಲ ಕೆಳಗೆ, ಚಾಸಿಸ್ ತೊಲೆಯ ಹೊಟ್ಟೆಯೊಳಗೆ ಅಡಗಿಸಿಟ್ಟದ್ದಕ್ಕೆ ಪ್ರತಿ ಸಲವೂ ಮನಸ್ಸಿನಲ್ಲೇ ನಾಲ್ಕು ಮಾತು ಆಡಿಕೊಳ್ಳುತ್ತೇನೆ. ಅದರ ಹಿಂಬದಿ ಸೋರಿದರೆ ದ್ರವ ತೊಲೆಯೊಳಗೇ ಹರಿದು, ಹನಿ ಇನ್ನೆಲ್ಲೋ ಬೀಳುತ್ತದೆ. ಕಾರ್ಪೆಟ್ ಎತ್ತಿ, ನೆಲದ ಮುಚ್ಚಳ ತೆಗೆದು ಮಟ್ಟ ನೋಡಬೇಕು. ತೆರೆಯುವ ಮುಂಚೆ ಸುತ್ತಲಿನ ಮಣ್ಣನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದುಬಿಡಿ. ಚಪ್ಪಲಿಯ ದೂಳು ಒಂದು ಚಿಟಿಕೆ ಒಳಗೆ ಬಿದ್ದರೂ ಹೊಸ ಕಪ್ ಗೀರುತ್ತದೆ. ಸಿಲಿಂಡರ್ ಬಿಚ್ಚಲು ಹೋದರೆ ಅದರ ಬೋಲ್ಟುಗಳು ಹೊರಬರದಂತೆ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಆ ಬಾರ್ ಮುಂದಿನ ಚಕ್ರದ ಸ್ಪ್ರಿಂಗ್, ಕಾರಿನ ಭಾರ ಹೊತ್ತು ತಿರುಚಿಕೊಂಡಿರುತ್ತದೆ. ಇಷ್ಟು ಕೆಲಸ ನೀವು ಮಾಡಬೇಡಿ. ಮೈನರ್ ಬಿಚ್ಚಿ ಗೊತ್ತಿರುವವರಿಗೇ ಬಿಡಿ.

ಹೋಸ್‌ಗಳು ಮುಂದೆ ಎರಡು, ಹಿಂದೆ ಒಂದು. ನೋಡಲು ಚೆನ್ನಾಗಿದ್ದರೂ ಮೂರನ್ನೂ ಬದಲಿಸಿ. ಹಳೆಯ ಹೋಸ್ ಹೊರಗೆ ಬಿರುಕು ಬಿಡುವ ಹಾಗೆಯೇ ಒಳಗೆ ಊದಿಕೊಂಡು ದಾರಿ ಮುಚ್ಚುವುದೂ ಉಂಟು. ಪೈಪ್ ತುಕ್ಕು ಹಿಡಿದಿದ್ದರೆ ತಾಮ್ರ ಮತ್ತು ನಿಕ್ಕಲ್ ಬೆರೆಸಿದ 3/16 ಇಂಚಿನ ಬ್ರೇಕ್ ಪೈಪನ್ನೇ ಹಾಕಿಸಿ. ಫ್ರಿಜ್ ರಿಪೇರಿ ಅಂಗಡಿಯ ತಾಮ್ರದ ಕೊಳವೆ ಹಾಕಿದ ಕಾರುಗಳು ನನ್ನ ಬಳಿ ಬಂದಿವೆ. ಬರಿಯ ತಾಮ್ರ ಅಲುಗಾಟಕ್ಕೆ ಗಡಸಾಗಿ ಒಂದು ದಿನ ಫ್ಲೇರಿನ (ಜಾಯಿಂಟಿಗೆಂದು ಅಗಲಿಸಿದ ಪೈಪ್ ತುದಿಯ) ಬುಡದಲ್ಲಿ ಸೀಳುತ್ತದೆ. ನಿಮ್ಮ ಕಾರಿನ ಥ್ರೆಡ್ ಇಂಚಿನ ಲೆಕ್ಕದ್ದು, ಈಗ ಮಾರುಕಟ್ಟೆಯಲ್ಲಿ ಸಿಗುವ ನಟ್‌ಗಳು ಹೆಚ್ಚಾಗಿ 10 ಮಿಲಿಮೀಟರಿನವು. ಮೂರು-ಎಂಟನೇ ಇಂಚು ಎಂದರೆ 9.525 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಬೆರಳಿನಲ್ಲಿ ಸಲೀಸಾಗಿ ನಾಲ್ಕು ಸುತ್ತು ಹೋಗದ ನಟ್ಟನ್ನು ಸ್ಪ್ಯಾನರಿನಿಂದ ದಬಾಯಿಸಬೇಡಿ. ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತುವುದು, ಎಂ-ಸೀಲ್ ಮೆತ್ತುವುದು ಎರಡೂ ನಲ್ಲಿ ರಿಪೇರಿ, ಬ್ರೇಕ್ ರಿಪೇರಿಯಲ್ಲ. ಬ್ರೇಕ್ ಲೈಟಿನ ಸ್ವಿಚ್ಚನ್ನೂ ನೋಡಿ. ಇಂತಹ ಕಾರುಗಳಲ್ಲಿ ಅದು ದ್ರವದ ಒತ್ತಡದಿಂದಲೇ ಕೆಲಸ ಮಾಡುತ್ತದೆ, ವೈರ್ ಸಿಕ್ಕಿಸುವ ಜಾಗದಿಂದ ಸದ್ದಿಲ್ಲದೆ ಜಿನುಗುತ್ತದೆ.

ಸಿಲಿಕೋನ್ ಬಗ್ಗೆ ಕೇಳಿದ್ದೀರಿ. ಡಾಟ್ 5 ಎಂಬ ಆ ದ್ರವ ತೇವ ಹೀರುವುದಿಲ್ಲ, ಪೇಂಟ್ ಕೀಳುವುದಿಲ್ಲ. ನಿಮ್ಮ ಸಂಬಂಧಿಕರು ಹೇಳಿದ್ದರಲ್ಲಿ ಅಷ್ಟು ನಿಜ. ಆದರೆ ಅದು ಗುಳಿಬಿದ್ದ ಬೋರನ್ನು ಸರಿಪಡಿಸುವುದಿಲ್ಲ. ಗ್ಲೈಕಾಲ್ ದ್ರವದ ಜೊತೆ ಬೆರೆಸಲೂಬಾರದು. ಹಾಕುವುದಾದರೆ ಎಲ್ಲ ರಬ್ಬರ್ ಹೊಸದು, ಪೈಪುಗಳೆಲ್ಲ ತೊಳೆದು ಒಣಗಿದ್ದು, ಹೀಗೆ ಮೊದಲಿನಿಂದ ಶುರುವಾಗಬೇಕು. ಮುಂದೆ ದಾರಿಯಲ್ಲಿ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ಮಾಮೂಲಿ ಬ್ರೇಕ್ ಆಯಿಲ್ ಸುರಿದರೆ ಎಲ್ಲ ಹಾಳು. ನಾನು ನಿಮ್ಮ ಜಾಗದಲ್ಲಿದ್ದರೆ ಡಾಟ್ 4 ಎಂಬ ಗ್ಲೈಕಾಲ್ ದ್ರವ ಹಾಕಿ, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸುತ್ತಿದ್ದೆ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ, ತೇವ ಕುಡಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರ ಅಂಕಿಗಳು 205 ಮತ್ತು 140. ಘಾಟಿ ಇಳಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅರ್ಧ ಬಳಸಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ.

ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ. ನಿಮ್ಮದರಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಸಿಲಿಂಡರಿನ ಮೇಲಿರುವ, ತಿರುಗಿಸಿ ತೆರೆಯುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ತುದಿಯನ್ನು ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಬಳಿ, ಒಬ್ಬರು ಚಕ್ರದ ಬಳಿ. ‘ಒತ್ತು’ ಎಂದಾಗ ನಿಪ್ಪಲ್ ತೆರೆಯಬೇಕು, ಪೆಡಲ್ ಕೆಳಗಿರುವಾಗಲೇ ಮುಚ್ಚಬೇಕು, ಆಮೇಲಷ್ಟೇ ‘ಬಿಡು’. ಮಾಸ್ಟರ್ ಸಿಲಿಂಡರ್ ಇನ್ನೂ ಹಳೆಯದೇ ಇದ್ದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ನೆಲ ಮುಟ್ಟಿದರೆ ಕಪ್ ಅದುವರೆಗೆ ಹೋಗದ, ತುಕ್ಕಿನ ಜಾಗಕ್ಕೆ ಹೋಗಿ ಹರಿದು ವಾಪಸು ಬರುತ್ತದೆ. ಏರ್ ತೆಗೆಯುವ ತನಕ ಸರಿಯಿದ್ದ ಮಾಸ್ಟರ್ ಸಿಲಿಂಡರ್ ಆಮೇಲೆ ಕೆಟ್ಟಿತು ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ಬಾಟಲಿಗೆ ಬಂದ ದ್ರವವನ್ನು ಮತ್ತೆ ಮೇಲೆ ಸುರಿಯಬೇಡಿ.

ಎಲ್ಲ ಮುಗಿದ ಮೇಲೆ ಪೆಡಲನ್ನು ಎರಡು ನಿಮಿಷ ಬಲವಾಗಿ ಹಿಡಿದು, ಬಿಳಿ ಪುಡಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ರಾತ್ರಿ ಹೊಸದಾಗಿ ದಿನಪತ್ರಿಕೆ ಹಾಸಿ. ಬೆಳಿಗ್ಗೆ ಕಾಗದ ಒಣಗಿದ್ದರೆ ತೋಟದ ಸಮತಟ್ಟು ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ, ಇಳಿದು ಬಂದು ನಾಲ್ಕೂ ಡ್ರಮ್ ಮುಟ್ಟಿ ನೋಡಿ. ಯಾವುದಾದರೊಂದು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಶೂ ಹಿಂದಕ್ಕೆ ಬರುತ್ತಿಲ್ಲ. ಎರಡು ವಾರ ಹೀಗೇ ಓಡಿಸಿ, ಮಟ್ಟ ಒಂದು ಗೆರೆಯೂ ಇಳಿಯದಿದ್ದರೆ ಚಾರ್ಮಾಡಿಯ ಮಾತನ್ನು ಆಮೇಲೆ ಆಡಬಹುದು. ಅಂದ ಹಾಗೆ, ಹಿಂದಿನ ಎಡ ಸಿಲಿಂಡರ್ ಬಿಚ್ಚಿದ ದಿನ ಬಲಗಡೆಯದನ್ನೂ ಬಿಚ್ಚಿ ಬೋರ್ ನೋಡಿ. ಅದು ಇನ್ನೂ ಸೋರಲು ಶುರು ಮಾಡಿಲ್ಲ, ಅಷ್ಟೇ.